ಸ್ಲೀವ್ ಆಪರೇಷನ್ ಆದ ಮ್ಯಾಲೆ ಅವ್ವನ ಊಟ, ನೀರು: ನಮ್ಮ ಕಡೆ ಬಿಸಿಲಿನಾಗ ಹೆಂಗ ಹೊಂದಿಸೋದು?

ಕಾರಟಗಿ ಮಗಳು:

ಎಲ್ಲಾರಿಗೂ ಶರಣ್ರಿ. ನಮ್ಮ ಅವ್ವಗ ಬೆಂಗಳೂರಾಗ ತೂಕ ಇಳಿಸೋ ಸ್ಲೀವ್ ಆಪರೇಷನ್ ಆಗೈತಿ. ವಯಸ್ಸು ಐವತ್ತು ದಾಟೈತಿ. ಸಕ್ಕರೆ ಕಾಯಿಲೆ, ಬಿಪಿ, ಜೊತಿಗೆ ಎರಡೂ ಮೊಣಕಾಲು ನೋವು. ಆಪರೇಷನ್ ಚಲೋ ಆತು, ಗಾಯ ಒಣಗ್ಯಾವ, ತೂಕ ಇಳಿಯಾಕತ್ತೈತಿ. ಈಗ ಮೂರನೇ ವಾರ, ಬರೀ ನೀರಿನಂಥಾ ಆಹಾರ ಮುಗಿಸಿ ನುಣ್ಣಗ ಅರೆದ ಆಹಾರಕ್ಕ ಬಂದೀವಿ.

ಆಸ್ಪತ್ರೆಯಿಂದ ಕೊಟ್ಟ ಡಯಟ್ ಚಾರ್ಟಿನಾಗ ಓಟ್ಸ್, ಬ್ರೊಕೊಲಿ ಸೂಪು, ತೋಫು, ಗ್ರೀಕ್ ಯೋಗರ್ಟ್ ಅಂತ ಬರದಾರ. ಕಾರಟಗಿ ಸಂತ್ಯಾಗ ಅವು ಸಿಗಂಗಿಲ್ಲ, ಸಿಕ್ಕರೂ ಅವ್ವ ಬಾಯಿಗೆ ಇಡಂಗಿಲ್ಲ. ಜ್ವಾಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಶೇಂಗಾ ಹಿಂಡಿ ಉಂಡು ಬೆಳದಾಕಿ.

ನನಗ ಊಟಕ್ಕಿಂತ ನೀರಿನ ಚಿಂತಿ ಜಾಸ್ತಿ. ಅವ್ವಗ ಮೊದಲಿಂದಲೂ ಊಟಕ್ಕ ಕುಂತ್ರ ಬಾಜು ತಂಬಿಗಿ ಇರಬೇಕು. ಎರಡು ತುತ್ತಿಗೊಮ್ಮೆ ತಂಬಿಗಿ ಮ್ಯಾಲೆತ್ತಿ ಗಟಗಟ ಕುಡಿಯಾಕಿ. ಈಗ ಊಟದ ಜೋಡಿ ನೀರು ಕುಡಿಬಾರದು ಅಂದಾರ. ಹಿಂಗಾಗಿ ಊಟದಾಗೂ ಕುಡಿಯಂಗಿಲ್ಲ, ಆಮ್ಯಾಲೂ ಮರೀತಾಳ. ನೆನಪು ಮಾಡಿ ಕೊಟ್ರ ಎರಡು ಗುಟುಕಿಗೆ ಎದಿ ಬಿಗಿತೈತಿ ಅಂತ ಕೆಳಗ ಇಡ್ತಾಳ. ಹೊರಗ ನೋಡಿದ್ರ ನಲವತ್ತು ಡಿಗ್ರಿ ಬಿಸಿಲು. ನಿನ್ನೆ ಮೂತ್ರ ಕಡು ಹಳದಿ ಹೋಗೈತಿ ಅಂತ ಅಕಿನ ಹೇಳಿದ್ಲು.

ಮತ್ತ ನೋಡಾಕ ಬರೋ ಮಂದಿ. ಬರೋವಾಗ ಬಾಳಿಹಣ್ಣು, ಬ್ರೆಡ್ಡು ತರ್ತಾರ. ಎರಡು ಚಮಚ ಬ್ಯಾಳಿ ಉಣ್ಣೋದು ನೋಡಿ, "ಅಯ್ಯ, ಇಷ್ಟ ಉಂಡ್ರ ಹೆಂಗ ಜೀವ ಹಿಡಿತಾಳ" ಅಂತ ಅವ್ವನ ಮುಂದ ಕಣ್ಣೀರು ತಗೀತಾರ. ಅವ್ವನೂ ಅಳ್ತಾಳ. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಈ ಆಪರೇಷನ್ ಆದವರು ಯಾರರ ಇದ್ರ, ನಮ್ಮ ಅಡುಗಿಯೊಳಗ ಹೆಂಗ ನಡೆಸಿದ್ರಿ, ದಯವಿಟ್ಟು ಬರೀರಿ.

---

ರಾಯಚೂರು ಸ್ಟಾಫ್ ನರ್ಸ್:

ತಂಗಿ, ಊಟದ ಮಾತು ಆಮೇಲೆ, ಮೊದಲು ನೀರು. ಮೂತ್ರ ಗಾಢ ಹಳದಿ, ಬಾಯಿ ಒಣಗೋದು, ಎದ್ದು ನಿಂತಾಗ ತಲೆ ಸುತ್ತೋದು, ಇವೆಲ್ಲ ಮೈಯಲ್ಲಿ ನೀರು ಕಡಿಮೆಯಾದ ಲಕ್ಷಣ. ಈ ಆಪರೇಷನ್ ಆದವರು ಮೊದಲ ತಿಂಗಳಲ್ಲಿ ಮತ್ತೆ ಆಸ್ಪತ್ರೆ ಸೇರೋದಕ್ಕೆ ದೊಡ್ಡ ಕಾರಣಗಳಲ್ಲಿ ಇದೂ ಒಂದು. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಂತೂ ಒಂದೇ ದಿನದಲ್ಲಿ ಸುಸ್ತಾಗಿಬಿಡುತ್ತಾರೆ.

ಎದೆ ಬಿಗಿಯೋದು ಯಾಕೆ ಅಂದರೆ, ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತೆಗೆದುಬಿಡುತ್ತಾರೆ. ಉಳಿಯೋದು ಬಾಳೆಹಣ್ಣಿನ ಆಕಾರದ ಸಣ್ಣ ಕೊಳವೆ. ಮೊದಲ ವಾರಗಳಲ್ಲಿ ಅದರ ಒಳಗೆ ಬಾವು ಬೇರೆ ಇರುತ್ತದೆ. ಗುಟುಕು ದೊಡ್ಡದಾದರೆ ಅಲ್ಲೇ ನಿಂತು ಒತ್ತುತ್ತದೆ. ತಂಬಿಗೆ ಮೇಲೆತ್ತಿ ಕುಡಿದರೆ ನೀರಿನ ಜೊತೆ ಗಾಳಿಯೂ ಒಳಗೆ ಹೋಗುತ್ತದೆ, ಆಗ ಬಿಗಿತ ಇನ್ನೂ ಜಾಸ್ತಿ. ಸ್ಟ್ರಾ ಹಾಕಿ ಕುಡಿದರೂ ಅದೇ ತೊಂದರೆ. ಹಾಗಾಗಿ ತಂಬಿಗೆ ಸದ್ಯಕ್ಕೆ ಎತ್ತಿಡಿ. ಔಷಧಿ ಬಾಟಲಿಯ ಮೇಲೆ ಬರುವ ಅಳತೆ ಮುಚ್ಚಳ ಅಥವಾ ಚಹಾದ ಸಣ್ಣ ಗ್ಲಾಸು ಕೊಡಿ, ತುಟಿ ಹಚ್ಚಿ ಗುಟುಕು ಗುಟುಕಾಗಿ ಕುಡಿಯಲಿ. ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್, ಈ ಬಿಸಿಲಿಗೆ ಎರಡು ಲೀಟರ್ ಹತ್ತಿರ ಹೋದರೆ ಒಳ್ಳೆಯದು. ನೀರು, ತೆಳು ಮಜ್ಜಿಗೆ, ಬೇಳೆ ಕಟ್ಟು ಎಲ್ಲ ಸೇರಿ ಈ ಲೆಕ್ಕ.

ಊಟಕ್ಕೆ ಅರ್ಧ ಗಂಟೆ ಮುಂಚೆ ನೀರು ನಿಲ್ಲಿಸಿ, ಊಟವಾಗಿ ಅರ್ಧ ಗಂಟೆ ಆದ ಮೇಲೆ ಮತ್ತೆ ಶುರು ಮಾಡಿ. ಇಷ್ಟು ಸಣ್ಣ ಜಾಗವನ್ನು ನೀರೇ ತುಂಬಿಬಿಟ್ಟರೆ ಬೇಳೆ, ಮೊಟ್ಟೆಗೆ ಜಾಗ ಇರೋದಿಲ್ಲ, ವಾಂತಿಯೂ ಆಗಬಹುದು. ಇನ್ನೊಂದು ಕಡೆ, ನೀರು ಉಂಡದ್ದನ್ನು ಬೇಗ ಕೆಳಗೆ ತಳ್ಳುತ್ತದೆ, ಸ್ವಲ್ಪ ಹೊತ್ತಿಗೇ ಮತ್ತೆ ಹಸಿವಾಗುತ್ತದೆ.

ಇನ್ನೊಂದು ವಿಷಯ, ಇದನ್ನು ಇವತ್ತೇ ನೋಡಿ. ಸಕ್ಕರೆ ಮತ್ತು ಬಿಪಿ ಗುಳಿಗೆ ಹಳೇ ಲೆಕ್ಕದಲ್ಲೇ ನಡೀತಾ ಇದೆಯಾ? ಊಟ ಇಷ್ಟು ಕಡಿಮೆಯಾದಾಗ ಗ್ಲಿಮೆಪಿರೈಡ್ ಥರದ ಗುಳಿಗೆ, ಇನ್ಸುಲಿನ್ ಹಳೇ ಪ್ರಮಾಣದಲ್ಲೇ ಹೋದರೆ ಸಕ್ಕರೆ ತೀರಾ ಕೆಳಗಿಳಿಯುತ್ತದೆ. ಬಿಪಿ ಗುಳಿಗೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿ ಸೇರಿದ್ದರೆ ಬಿಸಿಲಲ್ಲಿ ಇನ್ನಷ್ಟು ನೀರು ಕಳೆಯುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ಆದರೆ ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಹಚ್ಚಿ ಗುಳಿಗೆ ಹೆಸರು ಓದಿ ಹೇಳಿ, ಅವರು ಹೇಳಿದಂತೆ ಮಾಡಿ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಬೆಳಿಗ್ಗೆ ಸಂಜೆ ನೋಡಿ ಬರೆದಿಡಿ.

ಜ್ವರ, ಹೊಟ್ಟೆಯಲ್ಲಿ ಜೋರು ನೋವು, ಎಡ ಭುಜದ ನೋವು, ಸುಮ್ಮನೆ ಕೂತಾಗಲೂ ಎದೆ ಡವಡವ ಹೊಡೆಯೋದು, ಉಸಿರಾಟ ಕಷ್ಟ, ಒಂದು ಕಾಲು ಬಾತುಕೊಳ್ಳೋದು, ಇವುಗಳಲ್ಲಿ ಒಂದು ಕಂಡರೂ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಿ. ಬೆಳಿಗ್ಗೆ ನೋಡೋಣ ಅನ್ನಬೇಡಿ. ಇಡೀ ದಿನ ನೀರೂ ನಿಲ್ಲದೆ ವಾಂತಿಯಾದರೂ ಅಷ್ಟೇ.

---

ತೋರಣಗಲ್ಲು ಶಿಫ್ಟ್:

ಅಕ್ಕ, ನಂದು ಬೈಪಾಸ್, ಹೃದಯದ್ದಲ್ಲ, ಹೊಟ್ಟೆ ಸಣ್ಣದು ಮಾಡಿ ಕರುಳಿಗೆ ಜೋಡಿಸೋ ತೂಕದ ಆಪರೇಷನ್. ಸ್ಟೀಲ್ ಪ್ಲಾಂಟಿನಲ್ಲಿ ಕೆಲಸ, ಶಿಫ್ಟ್ ಡ್ಯೂಟಿ. ನಮ್ಮ ಕಡೆ ಬಿಸಿಲೂ ಐತೆ, ಒಳಗೆ ಕುಲುಮೆ ಕಾವೂ ಐತೆ. ನೀರಿನ ವಿಷಯದಲ್ಲಿ ನನಗೆ ಉಪಯೋಗ ಆಗಿದ್ದು ಹೇಳ್ತೀನಿ.

ಅರ್ಧ ಲೀಟರ್ ಬಾಟಲಿ ಮೂರು ಇಟ್ಟುಕೊಳ್ಳಿ. ಮಾರ್ಕರಿನಿಂದ ಬಾಟಲಿ ಮೇಲೆ ಗೆರೆ ಹಾಕಿ, ಪ್ರತಿ ಗೆರೆ ಪಕ್ಕ ಟೈಮ್ ಬರೀರಿ. ಮೊದಲನೇದು ಬೆಳಿಗ್ಗೆ ಹತ್ತರ ಒಳಗೆ ಖಾಲಿ, ಎರಡನೇದು ಮೂರು ಗಂಟೆ ಒಳಗೆ, ಮೂರನೇದು ರಾತ್ರಿ ಎಂಟರ ಒಳಗೆ. ಬಾಯಾರಿಕೆ ಆದಾಗ ಕುಡಿದರಾಯ್ತು ಅಂತ ಕೂತರೆ ಆಗಲ್ಲ, ಬಾಯಾರಿಕೆ ಆಗೋ ಹೊತ್ತಿಗೆ ತಡ ಆಗಿರುತ್ತೆ, ಆಗ ಒಮ್ಮೆಗೇ ಕುಡಿಯೋಕೆ ಹೊಟ್ಟೇಲಿ ಜಾಗ ಇರಲ್ಲ. ಮೊಬೈಲಿನಲ್ಲಿ ಹದಿನೈದು ನಿಮಿಷಕ್ಕೊಂದು ಅಲಾರಂ ಇಡಿ, ಅಮ್ಮ ಎರಡು ಮೂರು ಗುಟುಕು ಕುಡಿದರೆ ಸಾಕು. ಫ್ರಿಜ್ಜಿನ ನೀರಿಗೆ ಕೆಲವರಿಗೆ ಹಿಡಿದಂಗೆ ಆಗುತ್ತೆ. ನನಗೆ ಮಡಿಕೆ ನೀರು ಸರಿ ಹೋಯ್ತು. ಉಗುರುಬೆಚ್ಚಗಿನ ನೀರು ಇಳಿಯೋದು ಸಲೀಸು ಅನ್ನೋರೂ ಇದ್ದಾರೆ. ಎರಡೂ ಕೊಟ್ಟು ನೋಡಿ.

ಬರೀ ನೀರು ಬೇಸರ ಬಂದರೆ ಲಿಂಬೆಹಣ್ಣು, ಚಿಟಿಕೆ ಉಪ್ಪು ಹಾಕಿ ಸಕ್ಕರೆ ಇಲ್ಲದ ಪಾನಕ ಕೊಡಿ. ಜೀರಿಗೆ ನೀರೂ ಚೆನ್ನಾಗಿ ಇಳಿಯುತ್ತೆ. ಮಜ್ಜಿಗೆ ತೆಳ್ಳಗೆ ಮಾಡಿ, ಮೆಣಸಿನಕಾಯಿ ಕರಿಬೇವಿನ ಚೂರು ಇಲ್ಲದಂಗೆ ಸೋಸಿ ಕೊಡಿ. ಗೋಲಿ ಸೋಡಾ, ಕೋಲಾ ಬೇಡವೇ ಬೇಡ, ಗ್ಯಾಸು ಆ ಸಣ್ಣ ಜಾಗದಲ್ಲಿ ಉಬ್ಬುತ್ತೆ. ಕಬ್ಬಿನ ಹಾಲು, ರೋಸ್ ಮಿಲ್ಕ್ ಸಕ್ಕರೆ ಮಯ. ಬೈಪಾಸ್ ಆದ ನಮ್ಮಂಥೋರಿಗೆ ಅಷ್ಟು ಸಿಹಿ ಒಮ್ಮೆಗೇ ಕರುಳಿಗೆ ಬಿದ್ದರೆ ಬೆವರು, ಎದೆ ಹೊಡೆತ, ಹೊಟ್ಟೆ ನುಲಿತ, ಭೇದಿ ಎಲ್ಲ ಅರ್ಧ ಗಂಟೆ ಒಳಗೆ ಶುರುವಾಗುತ್ತೆ. ಡಂಪಿಂಗ್ ಅಂತಾರೆ ಅದಕ್ಕೆ. ಸ್ಲೀವ್‌ನಲ್ಲಿ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ.

ಓಆರ್‌ಎಸ್ ವಿಷಯ ಒಂದು. ಮೆಡಿಕಲ್ ಶಾಪಿನಲ್ಲಿ ಪುಡಿ ಪ್ಯಾಕೆಟ್ ಕೇಳಿ, ವಿಶ್ವ ಆರೋಗ್ಯ ಸಂಸ್ಥೆ ಸೂತ್ರ ಅಂತ ಬರೆದಿರೋದು. ಹಣ್ಣಿನ ರುಚಿ ಡಬ್ಬಿಗಳಲ್ಲಿ ಎಷ್ಟೋ ಓಆರ್‌ಎಸ್ ಅಲ್ಲ, ಸಿಹಿ ನೀರು. ಅಂಥವಕ್ಕೆ ಓಆರ್‌ಎಸ್ ಹೆಸರು ಹಾಕಬಾರದು ಅಂತ ಎಫ್‌ಎಸ್‌ಎಸ್‌ಎಐ ಅನ್ನೋ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ 2025ರ ಅಕ್ಟೋಬರಿನಲ್ಲಿ ಆದೇಶ ಮಾಡೈತೆ.

---

ಸಿಂಧನೂರು ರೈತ:

ತಂಗಿ, ನಮ್ಮ ತಮ್ಮಗ ಹೈದರಾಬಾದಿನಾಗ ಮಾಡಿಸೀವಿ. ನನ್ನ ಮಾತು ಕೇಳು, ಆ ಓಟ್ಸು, ಡಬ್ಬಿ ಪೌಡರು ಯಾವ್ದೂ ಬ್ಯಾಡ. ಜ್ವಾಳದ ಅಂಬಲಿಗೆ ಮಜ್ಜಿಗಿ ಕಲಸಿ ಕುಡಿಸು. ನಮ್ಮ ಹಿರೇರು ಅದನ್ನ ಕುಡದು ಹೊಲದಾಗ ದುಡದಾರ. ಹೊಟ್ಟಿಗೂ ತಂಪು, ಬಿಸಿಲಿಗೂ ತಂಪು. ಇಳೀಲಿಕ್ಕೂ ಹಗುರ ಅದ.

---

ಕೊಪ್ಪಳ ಟೀಚರ್:

ಅಣ್ಣಾವ್ರೆ, ಅಂಬಲಿ ಚಲೋ ಅನ್ನೋದು ಖರೇ. ನನಗೂ ತೂಕ ಇಳಿಸುವ ಆಪರೇಷನ್ ಆಗಿದೆ, ನಾನೂ ಕುಡಿಯುತ್ತೇನೆ. ಆದರೆ ಅದು ನೀರಿನ ಲೆಕ್ಕಕ್ಕೆ ಬರುತ್ತದೆ, ಪ್ರೋಟೀನ್ ಲೆಕ್ಕಕ್ಕೆ ಬರುವುದಿಲ್ಲ. ಹೊಲದಲ್ಲಿ ದುಡಿದ ಹಿರಿಯರು ಅಂಬಲಿ ಕುಡಿದು ಮೇಲೆ ನಾಲ್ಕು ರೊಟ್ಟಿ, ಕಾಳುಪಲ್ಯ, ಹಿಂಡಿ, ಮೊಸರು ಉಣ್ಣುತ್ತಿದ್ದರು. ಈ ಅವ್ವನ ಹೊಟ್ಟೆಯಲ್ಲಿ ಈಗ ಹಿಡಿಯೋದು ಒಂದು ಸಣ್ಣ ಬಟ್ಟಲು. ಅದನ್ನು ಅಂಬಲಿಯಿಂದಲೇ ತುಂಬಿಸಿಬಿಟ್ಟರೆ ಪ್ರೋಟೀನಿಗೆ ಜಾಗ ಎಲ್ಲಿಂದ ಬರಬೇಕು? ತೂಕ ಇಳಿಯುವಾಗ ಕೊಬ್ಬು ಮಾತ್ರ ಕರಗೋದಿಲ್ಲ, ಪ್ರೋಟೀನ್ ಸಾಲದಿದ್ದರೆ ಸ್ನಾಯುವೂ ಕರಗುತ್ತದೆ. ಐವತ್ತು ದಾಟಿದ, ಮೊಣಕಾಲು ನೋವಿರುವ ಹೆಣ್ಣುಮಗಳಿಗೆ ತೊಡೆಯ ಸ್ನಾಯು ಹೋದರೆ ಏಳೋದು ಕೂಡೋದು ಇನ್ನೂ ಕಷ್ಟ.

ತಂಗಿ, ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮ ಅಡುಗೆಮನೆಯ ಲೆಕ್ಕ ಹೇಳುತ್ತೇನೆ. 30 ಗ್ರಾಂ ಹೆಸರುಬೇಳೆ ನುಣ್ಣಗೆ ಬೇಯಿಸಿ ಕಡೆದರೆ ಸುಮಾರು 7 ಗ್ರಾಂ. ಒಂದು ಮೊಟ್ಟೆಗೆ 6 ಗ್ರಾಂ. ಲೋಟ ಹಾಲಿಗೆ, ಅಂದರೆ 200 ಮಿಲಿ, 6 ಗ್ರಾಂ ಮೇಲೆ. 50 ಗ್ರಾಂ ಪನೀರಿಗೆ 9 ಗ್ರಾಂ ಆಸುಪಾಸು. ಆ ಗ್ರೀಕ್ ಯೋಗರ್ಟ್ ಅಂದರೆ ಬೇರೇನಲ್ಲ, ರಾತ್ರಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ, ನೀರು ಇಳಿದ ಗಟ್ಟಿ ಮೊಸರು. ಅಷ್ಟೇ ಜಾಗದಲ್ಲಿ ಮಾಮೂಲಿ ಮೊಸರಿನ ಎರಡು ಪಟ್ಟು ಹತ್ತಿರ ಪ್ರೋಟೀನ್ ಸಿಗುತ್ತದೆ. ಬೇಸಿಗೆಯಲ್ಲಿ ಫ್ರಿಜ್ಜಿನೊಳಗೆ ಜರಡಿ ಮೇಲಿಟ್ಟು ಇಳಿಸಿ, ಹೊರಗೆ ಹುಳಿ ಹಿಡಿಯುತ್ತದೆ.

ಇದೆಲ್ಲ ಕೂಡಿಸಿದರೂ ಮೊದಲ ತಿಂಗಳು 60 ಮುಟ್ಟೋದು ಕಷ್ಟ. ಅದಕ್ಕೇ ಪ್ರೋಟೀನ್ ಪೌಡರ್ ಕೊಡುತ್ತಾರೆ, ಒಂದು ಸ್ಕೂಪಿಗೆ 20 ಗ್ರಾಂ ಮೇಲೆ ಸಿಗುತ್ತದೆ. ಕುದಿಯುವ ಹಾಲಿಗೆ ಹಾಕಬೇಡಿ, ಗಂಟು ಕಟ್ಟುತ್ತದೆ. ಉಗುರುಬೆಚ್ಚಗಿನ ಹಾಲಲ್ಲೋ ತಣ್ಣನೆ ಮಜ್ಜಿಗೆಯಲ್ಲೋ ಕಲಸಿ, ಸಣ್ಣ ಗ್ಲಾಸಿನಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಸ್ವಲ್ಪ ಸ್ವಲ್ಪ ಕೊಡಿ, ಮಧ್ಯೆ ಫ್ರಿಜ್ಜಿನಲ್ಲಿಡಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ ಅಂದರೆ ಐಸೊಲೇಟ್ ಅಂತ ಬರೆದಿರುವ ಪೌಡರ್ ತರಿಸಿ, ಅದರಲ್ಲಿ ಹಾಲಿನ ಸಕ್ಕರೆ ತೀರಾ ಕಡಿಮೆ.

ಪುಠಾಣಿ ಹಿಟ್ಟು ಮರೆಯಬೇಡಿ. ಹುರಿದು ಸಿಪ್ಪೆ ತೆಗೆದ ಕಡಲೆಯನ್ನು ನುಣ್ಣಗೆ ಬೀಸಿ ಇಟ್ಟುಕೊಂಡರೆ ಎರಡು ಚಮಚ ಮಜ್ಜಿಗೆಗೆ, ಎರಡು ಚಮಚ ಬೇಳೆಗೆ ಕಲಸಬಹುದು. ರುಚಿ ನಮ್ಮದೇ ಇರುತ್ತದೆ, ಅವ್ವ ಬೇಡ ಅನ್ನಲಿಕ್ಕಿಲ್ಲ.

ರೊಟ್ಟಿಯ ಕನಸು ಈಗಲೇ ಬಿಡಿಸಬೇಡಿ, ಆದರೆ ಈಗಲೇ ಕೊಡಲೂ ಬೇಡಿ. ಐದಾರು ವಾರವಾಗಿ ಡಾಕ್ಟರ್ ಮೆತ್ತಗಿನ ಆಹಾರಕ್ಕೆ ಒಪ್ಪಿಗೆ ಕೊಟ್ಟಾಗ, ಹಂಚಿನಿಂದ ಆಗತಾನೇ ತೆಗೆದ ಬಿಸಿರೊಟ್ಟಿಯ ಒಳಪದರ ಮಾತ್ರ ಬಿಡಿಸಿ, ಬೇಳೆಕಟ್ಟಿನಲ್ಲಿ ಕಿವುಚಿ ಎರಡು ತುತ್ತು. ಕಟಕ್ ರೊಟ್ಟಿ ಇನ್ನೂ ತಿಂಗಳುಗಟ್ಟಲೆ ಆಚೆ. ಪುಂಡಿಪಲ್ಯವೂ ನಾರು, ಹುಳಿ, ನುಚ್ಚು ಎಲ್ಲ ಸೇರಿದ್ದು, ಸ್ವಲ್ಪ ತಡೆಯಿರಿ. ಹಿಂಡಿಯ ಖಾರ ಹೊಸ ಗಾಯಕ್ಕೆ ಉರಿ ತರುತ್ತದೆ.

ಉಣ್ಣುವ ಕ್ರಮವೂ ಬದಲಾಗಬೇಕು. ಮೊದಲು ಬೇಳೆ, ಮೊಟ್ಟೆ, ಮೊಸರು. ಆಮೇಲೆ ಪಲ್ಯ. ಜಾಗ ಉಳಿದರೆ ಕೊನೆಗೆ ರೊಟ್ಟಿ, ಅನ್ನ. ಗಂಗಾವತಿ, ಕಾರಟಗಿ ಕಡೆ ಭತ್ತದ ಸೀಮೆ, ಅನ್ನ ಬಿಟ್ಟು ಊಟ ಶುರು ಮಾಡೋದು ಅಂದರೆ ಮನಸ್ಸು ಒಪ್ಪುವುದಿಲ್ಲ, ನನಗೆ ಗೊತ್ತು. ಆದರೂ ಇದೊಂದನ್ನು ಬಿಗಿಯಾಗಿ ಹಿಡಿಯಿರಿ.

---

ಕಾರಟಗಿ ಮಗಳು:

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ. ಡಾಕ್ಟರಿಗೆ ಫೋನ್ ಹಚ್ಚಿದ್ವಿ. ಸಕ್ಕರೆ ಗುಳಿಗಿ ಒಂದು ನಿಲ್ಲಿಸ್ಯಾರ, ಬಿಪಿದು ಅರ್ಧ ಮಾಡ್ಯಾರ. ಬಾಟಲಿಗೆ ಗೆರಿ ಹಾಕೀವಿ. ನನ್ನ ಮಗ ಅಜ್ಜಿಗೆ ಅಲಾರಂ ಹೊಡದಾಗೊಮ್ಮೆ ಗ್ಲಾಸ್ ತಂದು ಕೊಡ್ತಾನ, ಮೊಮ್ಮಗಗ ಅವ್ವ ಇಲ್ಲ ಅನ್ನಂಗಿಲ್ಲ. ಮೂತ್ರದ ಬಣ್ಣ ತಿಳಿ ಆಗೈತಿ. ಪುಠಾಣಿ ಹಿಟ್ಟಿನ ಮಜ್ಜಿಗಿ ಭಾಳ ಸೇರೈತಿ ಅಕಿಗೆ.

ಒಂದು ಕೇಳಬೇಕಿತ್ತು. ನಿನ್ನೆ ಅತ್ತಿ ಬಂದಿದ್ರು, ಮೆತ್ತಗ ಐತಿ ಅಂತ ಬಿಸಿ ಅನ್ನ ಕಿವುಚಿ ಎರಡು ತುತ್ತು ಉಣಿಸಿದ್ರು. ಎದಿಯಾಗ ಸಿಕ್ಕೊಂಡಂಗಾಗಿ, ಬಾಯಾಗ ನೊರಿ ಬಂದು, ಕಡೀಗೆ ವಾಂತಿ ಆತು. ಗಟ್ಟಿ ಬ್ಯಾಳಿ ಇಳಿತೈತಿ, ಅನ್ನ ಯಾಕ ಇಳಿಯಂಗಿಲ್ಲ?

---

ಕೊಪ್ಪಳ ಟೀಚರ್:

ಅನ್ನ, ಬ್ರೆಡ್ಡು, ಚಪಾತಿ ಮೂರೂ ಹಾಗೇ. ಬಾಯಲ್ಲಿ ಮೆತ್ತಗೆ ಅನ್ನಿಸಿದರೂ ಒಳಗೆ ಹೋಗಿ ಅಂಟಿ ಮುದ್ದೆಯಾಗುತ್ತವೆ. ಬೇಳೆ ಹಾಗೆ ಅಂಟುವುದಿಲ್ಲ. ತುತ್ತು ಸಿಕ್ಕಿಕೊಂಡಾಗ ಅದನ್ನು ಇಳಿಸಲು ಬಾಯಲ್ಲಿ ಜೊಲ್ಲು ಊರುತ್ತದೆ, ಅದೇ ಆ ನೊರೆ. ಹಾಗಾದಾಗ ಮೇಲೆ ನೀರು ಕುಡಿಸಬಾರದು, ಒತ್ತಡ ಇನ್ನೂ ಹೆಚ್ಚುತ್ತದೆ. ಎದ್ದು ನಿಂತು ನಿಧಾನಕ್ಕೆ ಓಡಾಡಲಿ, ಸಾಮಾನ್ಯವಾಗಿ ತಾನೇ ಇಳಿಯುತ್ತದೆ ಇಲ್ಲವೇ ಹೊರಗೆ ಬರುತ್ತದೆ. ಆಮೇಲೆ ಒಂದೆರಡು ಹೊತ್ತು ತೆಳು ಆಹಾರಕ್ಕೆ ವಾಪಸ್ ಹೋಗಿ. ಅನ್ನವನ್ನು ಸದ್ಯಕ್ಕೆ ಪೂರ್ತಿ ಬಿಡಿ.

ಚಹಾ ಚಮಚದಲ್ಲಿ ಉಣ್ಣಲಿ, ಒಂದು ತುತ್ತು ಪೂರ್ತಿ ಇಳಿದ ಮೇಲೆ ಇನ್ನೊಂದು. ಚಮಚ ಕೆಳಗಿಟ್ಟು ಅಗಿಯೋದು ರೂಢಿಯಾಗಲಿ, ಮುಂದೆ ಗಟ್ಟಿ ಆಹಾರಕ್ಕೆ ಬಂದಾಗ ಇಪ್ಪತ್ತು ಮೂವತ್ತು ಸಲ ಅಗಿಯಬೇಕಾಗುತ್ತದೆ. ಒಂದು ಬಟ್ಟಲಿಗೆ ಇಪ್ಪತ್ತು ನಿಮಿಷವಾದರೂ ಆಗಲಿ.

ಹೊಟ್ಟೆ ತುಂಬಿದ್ದು ಮೊದಲಿನಂತೆ ಗೊತ್ತಾಗುವುದಿಲ್ಲ, ತೇಗು ಬರುವ ತನಕ ಕಾಯಬಾರದು. ಅವ್ವನ ಮುಖ ನೋಡುತ್ತಿರಿ. ಕೆಲವರಿಗೆ ಬಿಕ್ಕಳಿಕೆ ಬರುತ್ತದೆ, ಕೆಲವರಿಗೆ ಇದ್ದಕ್ಕಿದ್ದಂತೆ ಮೂಗಲ್ಲಿ ನೀರು ಇಳಿಯುತ್ತದೆ, ಕೆಲವರು ಉದ್ದ ಉಸಿರು ಬಿಡುತ್ತಾರೆ. ನನಗೆ ಮೂಗು ಸೋರುತ್ತದೆ, ಇವತ್ತಿಗೂ. ಆ ಗುರುತು ಕಂಡಲ್ಲಿಗೆ ಚಮಚ ಕೆಳಗಿಡಬೇಕು, ಬಟ್ಟಲಲ್ಲಿ ಒಂದೇ ತುತ್ತು ಉಳಿದಿದ್ದರೂ.

---

ಕೌಲ್‌ಬಜಾರ್ ಬೇಟಿ:

ಎಲ್ಲರಿಗೂ ಸಲಾಂ. ನಾನು ಬಳ್ಳಾರಿಯಿಂದ. ನಮ್ಮ ಅಮ್ಮಿಗೂ ಸ್ಲೀವ್ ಆಗಿ ಕೆಲವು ತಿಂಗಳಾಯ್ತು. ನಮ್ಮ ಮನೆಯಲ್ಲಿ ಕೋಳಿ ಶೋರ್ಬಾ ಸೋಸಿ ಕೊಡ್ತಿದ್ವಿ, ಆಮೇಲೆ ಖೀಮಾ ನುಣ್ಣಗೆ ಅರೆದು, ಖಾರ ಎಣ್ಣೆ ಕಡಿಮೆ ಮಾಡಿ. ಮಟನ್ ತುಂಡು ಇನ್ನೂ ಇಳಿಯಲ್ಲ, ಮೀನು ಚೆನ್ನಾಗಿ ಇಳಿಯುತ್ತೆ. ತುಂಗಭದ್ರಾ ಹೊಳೆ ಮೀನು ಮುಳ್ಳು ತೆಗೆದು ಹಬೆಯಲ್ಲಿ ಬೇಯಿಸಿ ಕೊಡಿ, ಮಾಂಸ ತಿನ್ನೋ ಮನೆಯವರಾದರೆ ಇದು ಬಹಳ ಸುಲಭ.

ನನ್ನ ಪ್ರಶ್ನೆ ರೋಜಾ ಬಗ್ಗೆ. ಅಮ್ಮಿ ಚಿಕ್ಕಂದಿನಿಂದ ಒಂದು ರೋಜಾನೂ ಬಿಟ್ಟವರಲ್ಲ. ಮುಂದಿನ ರಂಜಾನಿಗೆ ಇಡ್ತೀನಿ ಅಂತ ಹಟ ಹಿಡಿದಿದ್ದಾರೆ.

---

ರಾಯಚೂರು ಸ್ಟಾಫ್ ನರ್ಸ್:

ಅಮ್ಮಿಗೆ ಬೇಸರವಾಗದಂತೆ ಹೇಳಿ ಒಪ್ಪಿಸಬೇಕು. ಮೊದಲ ವರ್ಷ ಬೇಡ ಅಂತಲೇ ಹೆಚ್ಚಿನ ಡಾಕ್ಟರುಗಳು ಹೇಳೋದು. ಸಹರಿಯಲ್ಲಿ ಒಮ್ಮೆಗೇ ಕುಡಿದಿಟ್ಟುಕೊಳ್ಳೋಣ ಅಂದರೆ ಹೊಟ್ಟೆಯಲ್ಲಿ ಜಾಗ ಇಲ್ಲ, ಇಫ್ತಾರ್‌ನಿಂದ ಸಹರಿವರೆಗಿನ ಹೊತ್ತಿನಲ್ಲಿ ನಿದ್ದೆಯನ್ನೂ ಬಿಟ್ಟು ಒಂದೂವರೆ ಲೀಟರ್ ಗುಟುಕರಿಸೋದು ಆಗದ ಮಾತು. ಸಕ್ಕರೆ ಗುಳಿಗೆ ಇನ್ನೂ ನಡೆದಿದ್ದರೆ ಅಪಾಯ ಇನ್ನೂ ಹೆಚ್ಚು. ಕಾಯಿಲೆಯವರಿಗೆ ರಿಯಾಯಿತಿ ಇದೆ ಅನ್ನೋದನ್ನು ನಿಮ್ಮ ಮಸೀದಿಯ ಹಜರತರ ಬಾಯಿಂದ ಕೇಳಿಸಿದರೆ ಅಮ್ಮಿ ಮನಸ್ಸು ಹಗುರಾಗುತ್ತದೆ. ವರ್ಷದ ಮೇಲೆ ರಕ್ತ ಪರೀಕ್ಷೆ ಎಲ್ಲ ನೋಡಿ, ಡಾಕ್ಟರ್ ಹೂಂ ಅಂದರೆ ಇಡಬಹುದು.

ನಮ್ಮ ಶಿವರಾತ್ರಿ, ಏಕಾದಶಿ, ಶ್ರಾವಣ ಸೋಮವಾರಕ್ಕೂ ಇದೇ ಮಾತು. ನೀರೂ ಮುಟ್ಟದ ಉಪವಾಸ ಬೇಡ. ಫಲಾಹಾರ ಅಂತ ಸಾಬುದಾನಿ, ಬಾಳೆಹಣ್ಣಿನಲ್ಲೇ ದಿನ ಕಳೆದರೆ ಪ್ರೋಟೀನ್ ಸೊನ್ನೆ. ಹಾಲು, ಮೊಸರು, ಪನೀರು ಉಪವಾಸಕ್ಕೂ ನಡೆಯುತ್ತವಲ್ಲ, ಅವನ್ನೇ ಕೊಡಿ.

---

ಮಾನ್ವಿ ಸೊಸಿ:

ಅಕ್ಕಾರೆ, ನನಗ ಆಪರೇಷನ್ ಆಗಿ ನಾಕು ತಿಂಗಳ ಮ್ಯಾಲಾಗ್ಯದ. ತಲಿ ಬಾಚಿದ್ರ ಬಾಚಣಿಗಿ ತುಂಬ ಕೂದಲ ಬರ್ತಾವ. ಇನ್ನ ಮಕ್ಕಳಾಗಿಲ್ಲ, ತೂಕ ಇಳದ ಕೂಡಲೇ ಮಾಡ್ಕೊಳ್ರಿ ಅಂತ ಮನ್ಯಾಗ ಅವಸರ ಮಾಡ್ಲಿಕತ್ತಾರ. ಏನ್ ಮಾಡ್ಲಿ?

---

ರಾಯಚೂರು ಸ್ಟಾಫ್ ನರ್ಸ್:

ಕೂದಲಿಗೆ ಹೆದರಬೇಡ ತಂಗಿ. ತೂಕ ವೇಗವಾಗಿ ಇಳಿದಾಗ ಮೂರರಿಂದ ಆರು ತಿಂಗಳ ಹೊತ್ತಿಗೆ ಉದುರೋದು ಬಹಳ ಜನಕ್ಕೆ ಆಗುತ್ತದೆ, ಬೇರು ಸಾಯೋದಿಲ್ಲ, ಮತ್ತೆ ಬರುತ್ತದೆ. ಪ್ರೋಟೀನ್, ಕಬ್ಬಿಣ, ಸತು ಸರಿಯಾಗಿ ಹೋಗಬೇಕು. ಆಗಲೂ ನಿಲ್ಲದಿದ್ದರೆ ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು), ಥೈರಾಯ್ಡ್ ಪರೀಕ್ಷೆ ಮಾಡಿಸು.

ಬಸಿರಿನ ವಿಷಯದಲ್ಲಿ ಮನೆಯವರಿಗೆ ಗಟ್ಟಿಯಾಗಿ ಹೇಳು. ಆಪರೇಷನ್ ಆಗಿ ಹನ್ನೆರಡರಿಂದ ಹದಿನೆಂಟು ತಿಂಗಳು ಬಸಿರು ಮುಂದೂಡಬೇಕು ಅಂತ ಡಾಕ್ಟರು ಹೇಳುತ್ತಾರೆ. ತೂಕ ಇಳಿಯುವ ಕಾಲದಲ್ಲಿ ಒಳಗಿನ ಕೂಸಿಗೆ ಬೇಕಾದ ಪೋಷಣೆ ಸಾಲುವುದಿಲ್ಲ. ಇನ್ನೊಂದು, ತೂಕ ಇಳಿದಾಗ ತಪ್ಪಿದ್ದ ಮುಟ್ಟು ಸರಿಯಾಗಿ ಬಸಿರು ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಬೈಪಾಸ್ ಆಗಿದ್ದರೆ ಬಾಯಿಂದ ನುಂಗುವ ಗರ್ಭನಿರೋಧಕ ಗುಳಿಗೆಯನ್ನು ಪೂರ್ತಿ ನಂಬುವಂತಿಲ್ಲ. ಹೆರಿಗೆ ಡಾಕ್ಟರ್ ಹತ್ತಿರ ಗಂಡನನ್ನೂ ಕರೆದುಕೊಂಡು ಹೋಗು.

ಎಲ್ಲರೂ ಇಲ್ಲಿದ್ದೀರಿ, ಗುಳಿಗೆಯ ಮಾತು ಹೇಳಿಬಿಡುತ್ತೇನೆ. ಮಲ್ಟಿವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಜೀವನಪೂರ್ತಿ. ಆರು ತಿಂಗಳು ನುಂಗಿ ಚೆನ್ನಾಗಿದ್ದೀನಿ ಅಂತ ನಿಲ್ಲಿಸುವವರನ್ನು ಬಹಳ ನೋಡಿದ್ದೇನೆ, ಎರಡು ಮೂರು ವರ್ಷಕ್ಕೆ ಕೈಕಾಲು ಜುಮ್ಮೆನ್ನುತ್ತಾ, ರಕ್ತ ಕಡಿಮೆಯಾಗಿ ಬರುತ್ತಾರೆ. ಕ್ಯಾಲ್ಸಿಯಂ ಸಿಟ್ರೇಟ್ ರೂಪದ್ದು ಒಳ್ಳೆಯದು, ಹೊಟ್ಟೆಯ ಆಮ್ಲ ಕಡಿಮೆಯಾದರೂ ಮೈಗೆ ಹತ್ತುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಬಿಡಿ. ಕಬ್ಬಿಣದ ಗುಳಿಗೆಯನ್ನು ಚಹಾದ ಜೊತೆ ನುಂಗಿದರೆ ಅರ್ಧಕ್ಕರ್ಧ ದಂಡ.

ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫಿನಾಕ್, ಐಬುಪ್ರೊಫೇನ್ ತಂದು ನುಂಗುವ ರೂಢಿ ನಮ್ಮಲ್ಲಿ ಮನೆಮನೆಗೂ ಇದೆ. ಇನ್ನು ಬೇಡ. ಬೈಪಾಸ್ ಆದವರಿಗಂತೂ ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ, ಸ್ಲೀವ್ ಆದವರೂ ಡಾಕ್ಟರನ್ನು ಕೇಳದೆ ಮುಟ್ಟಬಾರದು. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗದಿದ್ದರೆ ಅವರನ್ನೇ ಕೇಳಿ.

ಕೊನೆಯದು, ಇದನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ದಿನಗಟ್ಟಲೆ ವಾಂತಿಯಾದರೆ ಬಿ1, ಅಂದರೆ ಥಯಾಮಿನ್, ಬೇಗ ಖಾಲಿಯಾಗುತ್ತದೆ. ಮೈಯಲ್ಲಿ ಅದರ ದಾಸ್ತಾನು ಕೆಲವೇ ವಾರದ್ದು. ಸುಸ್ತಾಗಿದೆ ಅಂತ ಊರಿನ ಕ್ಲಿನಿಕ್ಕಿಗೆ ಹೋದರೆ ಮೊದಲು ಹಚ್ಚೋದು ಗ್ಲೂಕೋಸ್ ಬಾಟಲಿ. ಥಯಾಮಿನ್ ಇಲ್ಲದ ಮೈಗೆ ಬರೀ ಗ್ಲೂಕೋಸ್ ಹರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು: ಕಣ್ಣು ಎರಡೆರಡು ಕಾಣೋದು, ನಡಿಗೆ ತೂರಾಡೋದು, ಗೊಂದಲ. ಆದ್ದರಿಂದ "ಇವರಿಗೆ ತೂಕ ಇಳಿಸುವ ಆಪರೇಷನ್ ಆಗಿದೆ, ವಾಂತಿ ಇಷ್ಟು ದಿನದಿಂದ ಇದೆ, ಮೊದಲು ಥಯಾಮಿನ್ ಕೊಡಿ" ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಹೇಳಲು ಸಂಕೋಚ ಬೇಡ.

---

ಸಿಂಧನೂರು ರೈತ:

ಸಿಸ್ಟರ್, ಇದು ಗೊತ್ತಿದ್ದಿಲ್ಲರಿ ನಮಗ. ಟೀಚರ್ ಮೇಡಂ ಹೇಳಿದ್ದೂ ತಿಳೀತು. ತಮ್ಮಗ ಅಂಬಲಿ ಜೋಡಿ ಮೊಟ್ಟಿ, ಹೆಸರುಬ್ಯಾಳಿ ಶುರು ಮಾಡೀವಿ. ಅವನ್ದು ಬ್ಯಾರೆ ತ್ರಾಸ ಅದ. ದೋಸ್ತರು ಬಂದ್ರ ಕುಡೀಲಿಕ್ಕೆ ಕರೀತಾರ. ಸ್ವಲ್ಪ ತಗೊಂಡ್ರ ಏನಾಗ್ತದ ಅಂತಾನ.

---

ತೋರಣಗಲ್ಲು ಶಿಫ್ಟ್:

ಅಣ್ಣ, ನೇರವಾಗಿ ಹೇಳ್ತೀನಿ, ತಮ್ಮನಿಗೆ ಇದನ್ನೇ ಓದಿಸಿ. ಆಪರೇಷನ್ ಆದ ಮೇಲೆ ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲಲ್ಲ, ಸೀದಾ ರಕ್ತಕ್ಕೆ ಹೋಗುತ್ತೆ. ಮೊದಲು ಮೂರು ಪೆಗ್ಗಿಗೆ ಏರುತ್ತಿದ್ದದ್ದು ಈಗ ಒಂದಕ್ಕೇ ಏರುತ್ತೆ, ಇಳಿಯೋಕೆ ತಡ ಆಗುತ್ತೆ. ಬೈಕ್ ಹತ್ತಿದರೆ ಮುಗೀತು. ಸಕ್ಕರೆ ಕೆಳಗಿಳಿಯೋ ಅಪಾಯ ಬೇರೆ. ಊಟದ ಆಸೆ ತೀರದೇ ಇದ್ದವರು ಕುಡಿತದ ಕಡೆ ವಾಲೋದೂ ಉಂಟು, ಇದನ್ನು ಡಾಕ್ಟರುಗಳೇ ಎಚ್ಚರಿಸ್ತಾರೆ. ದೋಸ್ತರ ಜೊತೆ ಕೂತರೆ ನಾನು ಲಿಂಬೆ ನೀರು ಹಿಡಿದು ಕೂಡ್ತೀನಿ. ನಿಜವಾದ ದೋಸ್ತರು ಎರಡನೇ ಸಲ ಕೇಳಲ್ಲ. ಬೀಡಿ ಸಿಗರೇಟೂ ಬಿಡಿಸಿ, ಹುಣ್ಣಿಗೆ ಅದೂ ಕಾರಣ.

---

ಕಾರಟಗಿ ಮಗಳು:

ಅವ್ವ ಇವತ್ತು ಮುಂಜಾನೆ ತಾನ ಕೇಳಿ ಮೊಟ್ಟಿ ಬೇಯಿಸಿಕೊಂಡು ಉಂಡಾಳ. ಮನಸ್ಸಿಗೆ ಸಮಾಧಾನ ಆತು. ನೋಡಾಕ ಬರೋ ಮಂದಿಗೆ ಏನ್ ಹೇಳೋದು ಅನ್ನೋದು ಇನ್ನೂ ಉಳದೈತಿ. ಮುಂದಿನ ತಿಂಗಳು ತಮ್ಮನ ನಿಶ್ಚಯ ಬೇರೆ ಐತಿ, ಹೋಳಿಗಿ ಊಟ.

---

ಕೊಪ್ಪಳ ಟೀಚರ್:

"ಡಾಕ್ಟರ್ ಪಥ್ಯ ಹೇಳ್ಯಾರ" ಅಂತ ಒಂದೇ ಮಾತು. ಆಪರೇಷನ್ ವಿವರ, ಹೊಟ್ಟೆ ಕೊಯ್ದ ಅಳತೆ ಯಾರಿಗೂ ಬಿಡಿಸಿ ಹೇಳುವ ಅಗತ್ಯವಿಲ್ಲ. ಬಾಣಂತಿಗೆ, ಕಾಮಾಲೆಯವರಿಗೆ ಪಥ್ಯ ಇದೆ ಅಂದರೆ ನಮ್ಮ ಮಂದಿ ಒಂದು ತುತ್ತೂ ಒತ್ತಾಯ ಮಾಡುವುದಿಲ್ಲ, ಈ ಗೌರವ ಅವ್ವನಿಗೂ ಸಿಗಲಿ. ಅವ್ವನ ಎದುರೇ ಅಳುವವರಿದ್ದರೆ ಪಡಸಾಲೆಯಲ್ಲೇ ಕೂಡಿಸಿ ಚಹಾ ಕೊಟ್ಟು, ಎರಡು ಮಾತಾಡಿಸಿ ಕಳಿಸಿ. ಇದರಲ್ಲಿ ಮುಲಾಜು ನೋಡಬೇಡಿ.

ನಿಶ್ಚಯದ ದಿನ ಅವ್ವ ಮನೆಯಲ್ಲೇ ಬೇಳೆ, ಮೊಸರು ಉಂಡು ಹೊರಡಲಿ. ಪಂಕ್ತಿಯಲ್ಲಿ ಕೂಡದೆ ಬಡಿಸುವ ಕಡೆ ನಿಲ್ಲಲಿ. ಮದುವೆಮನೆಯಲ್ಲಿ ಬಡಿಸುವವರನ್ನು ಯಾರೂ ಉಂಡೆಯಾ ಅಂತ ಕೇಳುವುದಿಲ್ಲ. ನಮ್ಮಲ್ಲಿ ಗವಿಮಠದ ಜಾತ್ರೆಗೆ ದಾಸೋಹದಲ್ಲಿ ರೊಟ್ಟಿ, ಮಾದಲಿ, ಮಿರ್ಚಿ ಇರುತ್ತವೆ. ನಾನು ಪ್ರಸಾದ ಅಂತ ಮಾದಲಿಯನ್ನು ಚಿಟಿಕೆಯಷ್ಟು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತೇನೆ, ಉಳಿದದ್ದು ಮನೆಯವರಿಗೆ. ಪ್ರಸಾದಕ್ಕೆ ಚಿಟಿಕೆ ಸಾಕು.

ಮುಂದಿನ ದಿನಗಳಿಗಾಗಿ ಒಂದು ಎಚ್ಚರಿಕೆ, ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ವರ್ಷ ಕಳೆದ ಮೇಲೆ ಗಟ್ಟಿ ಕಾಳು, ಮಾಂಸ ನಿಧಾನಕ್ಕೆ ಇಳಿಯುತ್ತವೆ, ಮಂಡಕ್ಕಿ ಮಾತ್ರ ಬಾಯಿಗೆ ಬಿದ್ದರೆ ಕರಗಿ ಹೋಗುತ್ತದೆ. ಒಗ್ಗರಣಿ ಮಂಡಕ್ಕಿ, ಖಾರಾ, ಚಹಾದಲ್ಲಿ ಅದ್ದಿದ ಬಿಸ್ಕೀಟು, ಟೋಸ್ಟು, ಐಸ್‌ಕ್ರೀಮು, ಇವಕ್ಕೆ ಸಣ್ಣ ಹೊಟ್ಟೆಯ ತಡೆ ನಡೆಯುವುದಿಲ್ಲ. ಸಂಜೆ ಐದರಿಂದ ಎಂಟರವರೆಗೆ ಮಾತಾಡುತ್ತಾ ಪಾವು ಪಾವು ಮಂಡಕ್ಕಿ ಒಳಗೆ ಹೋದರೂ ಹೊಟ್ಟೆ ತುಂಬಿದಂತೆ ಅನ್ನಿಸುವುದಿಲ್ಲ. ತೂಕ ಮತ್ತೆ ಏರಿದವರಲ್ಲಿ ನಾನು ಕಂಡಿದ್ದು ಬಹುತೇಕ ಇದೇ ದಾರಿ. ನಮ್ಮ ಮೂರೂ ಜಿಲ್ಲೆಯಲ್ಲಿ ಸಂಜೆ ಅಂದರೆ ಒಗ್ಗರಣಿ ಮಿರ್ಚಿ, ಅದನ್ನು ಪೂರ್ತಿ ಬಿಡಿ ಅಂತ ಹೇಳಲಾರೆ. ಸಂಜೆ ಐದಕ್ಕೆ ಮೊದಲು ಕುದಿಸಿದ ಕಡಲೆಕಾಳೋ ಮೊಟ್ಟೆಯೋ ಒಂದು ಬಟ್ಟಲು, ಆಮೇಲೆ ಮುಷ್ಟಿಯಷ್ಟು ಮಂಡಕ್ಕಿ, ಅದೂ ತಟ್ಟೆಗೆ ಹಾಕಿಕೊಂಡು. ಪುಟ್ಟಿಯಿಂದ ಕೈ ಹಾಕಿ ತಿನ್ನಬೇಡಿ.

---

ಕಾರಟಗಿ ಮಗಳು:

ಟೀಚರ್, ಅವ್ವಗ ಓದಿ ಹೇಳಿದೆ. ಬಡಿಸೋ ಕಡೆ ನಿಲ್ಲೋದು ಅಂದ್ರ ಒಪ್ಪಿದ್ಲು. ಸಿಸ್ಟರ್, ಇನ್ನೊಂದು ಕೇಳ್ತೀನ್ರಿ, ರಕ್ತ ಪರೀಕ್ಷೆಗೆ ಪ್ರತಿ ಸಲ ಬೆಂಗಳೂರಿಗೆ ಹೋಗಬೇಕೇನು?

---

ರಾಯಚೂರು ಸ್ಟಾಫ್ ನರ್ಸ್:

ಬೇಡ. ಗಂಗಾವತಿ, ಸಿಂಧನೂರಿನ ಲ್ಯಾಬಿನಲ್ಲೇ ರಕ್ತ ಕೊಟ್ಟು, ರಿಪೋರ್ಟನ್ನು ಡಾಕ್ಟರಿಗೆ ವಾಟ್ಸಾಪ್ ಮಾಡಿ. ಸಾಮಾನ್ಯವಾಗಿ ಮೂರು, ಆರು, ಹನ್ನೆರಡು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಫೋಲೇಟ್, ಡಿ ವಿಟಮಿನ್, ಕ್ಯಾಲ್ಸಿಯಂ, ಅಲ್ಬುಮಿನ್, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ, ನಿಮ್ಮ ಅವ್ವನಿಗೆ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಕೂಡ. ಪಿತ್ತಕೋಶದಲ್ಲಿ ಕಲ್ಲಾಗದಂತೆ ಮೊದಲ ಆರು ತಿಂಗಳು ಗುಳಿಗೆ ಬರೆದಿದ್ದರೆ ಅದನ್ನು ನಡುವೆ ಬಿಡಬೇಡಿ. ರಿಪೋರ್ಟು, ಡಿಸ್ಚಾರ್ಜ್ ಚೀಟಿ ಎಲ್ಲ ಒಂದೇ ಫೈಲಿನಲ್ಲಿರಲಿ, ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ರಾತ್ರಿ ಹೊತ್ತು ಬೇರೆ ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಅಲ್ಲಿನ ಡ್ಯೂಟಿ ಡಾಕ್ಟರ್ ಮೊದಲು ಕೇಳೋದು ಆ ಡಿಸ್ಚಾರ್ಜ್ ಚೀಟಿಯನ್ನೇ.